ಬಾಯಿಪಾಠದ ಪ್ರಾರ್ಥನೆ

ಅವರು ಮೆಚ್ಚಿಕೊಂಡು ಹೋದದ್ದು ನನ್ನನ್ನಲ್ಲ, ತೀರಿಹೋದ ನನ್ನ ಅವ್ವನ ಪ್ರಾರ್ಥನೆಯನ್ನು.

ಶಹಾಪುರದ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತ ಸುವಾರ್ತಾ ಈ ಮಾತನ್ನು ತನಗೆ ತಾನೇ ಹೇಳಿಕೊಂಡಳು. ದಿನಾ ಡೈರಿ ಬರೆಯುವ ಹುಡುಗಿ. ಆದರೆ ಇದನ್ನು ಅಲ್ಲಿಯೂ ಬರೆದಿರಲಿಲ್ಲ. ಬರೆದರೆ ನಿಜವಾಗಿಬಿಡುತ್ತದೆ ಎಂಬ ಭಯ.

ಹೋದ ತಿಂಗಳು ಸುರಪುರದಿಂದ ಯಾದಗಿರಿಗೆ ಅವಳನ್ನು ನೋಡಲು ಬಂದಿದ್ದರು. ಹುಡುಗ ಬಾಲರಾಜ, ಹೈಸ್ಕೂಲ್ ಮಾಸ್ತರ. ಚೂಡಾ, ಚಹಾ ಮುಗಿದ ಮೇಲೆ ಅವನ ತಾಯಿ ಮಾರ್ಥಮ್ಮ ಸೆರಗು ತಲೆಗೆ ಹೊದ್ದು, "ಈಗ ಒಂದ್ ಪ್ರಾರ್ಥನಿ ಮಾಡವ್ವ" ಅಂದಿದ್ದರು. ಅವರ ಚರ್ಚಿನ ಸಭೆಯ ಮನೆಗಳಲ್ಲಿ ಹೆಣ್ಣು ನೋಡುವುದೆಂದರೆ ಹಾಗೆಯೇ. ಹುಡುಗಿಯ ಅಡುಗೆಗಿಂತ ಅವಳ ಪ್ರಾರ್ಥನೆಯನ್ನು ಕಿವಿಗೊಟ್ಟು ಕೇಳುತ್ತಾರೆ.

ಸುವಾರ್ತಾ ಕಣ್ಣು ಮುಚ್ಚಿ, ಅವ್ವ ದಿನಾ ಸಂಜೆ ದೀಪ ಹಚ್ಚಿದಾಗ ಹೇಳುತ್ತಿದ್ದುದನ್ನೇ ಅಕ್ಷರ ಬಿಡದೆ ಒಪ್ಪಿಸಿದ್ದಳು. ಮಾರ್ಥಮ್ಮನ ಕಣ್ಣಲ್ಲಿ ನೀರು ಬಂದಿತ್ತು. ಸಂಬಂಧ ಅಲ್ಲೇ ಕುದುರಿತು. ಬರುವ ಭಾನುವಾರ ಚರ್ಚಿನಲ್ಲಿ ಪಾಸ್ಟರ್ ಮದುವೆಯ ಪ್ರಕಟಣೆಯಲ್ಲಿ ಇಬ್ಬರ ಹೆಸರು ಓದುವವರಿದ್ದರು.

ಅವ್ವ ಆಸ್ಪತ್ರೆಯಲ್ಲಿದ್ದಾಗ ಸುವಾರ್ತಾ ಊಟ ಬಿಟ್ಟು ಮೊಣಕಾಲೂರಿ ಬೇಡಿದ್ದಳು. ಅವ್ವ ಉಳಿಯಲಿಲ್ಲ. ಅಂದಿನಿಂದ ಚರ್ಚಿನಲ್ಲಿ ತುಟಿ ಆಡಿಸುತ್ತಾಳೆ, ಅಷ್ಟೇ. ಆ ಕಡೆ ಯಾರೂ ಇಲ್ಲದ ಫೋನು ಹಿಡಿದು ಕೂತಂತೆ ಅನಿಸುತ್ತದೆ.

"ಏನ್ ಯೋಚನಿ ಮಾಡಾಕತ್ತಿ?" ಪಕ್ಕದಲ್ಲಿದ್ದ ಸೋದರತ್ತೆ ಪಾರ್ವತೆಮ್ಮ ಮೊಣಕೈಯಿಂದ ತಿವಿದರು.

"ಏನಿಲ್ಲತ್ತಿ."

"ನಾಳಿ ಬೀಗ್ತಿ ಮಾರ್ಥಮ್ಮನ ಕಣ್ಣಿನ ಆಪರೇಷನ್. ಒಂದ್ ಕಣ್ಣು ಮೊದಲೇ ಹೋಗ್ಯಾದ, ಪಾಪ, ಇದೊಂದೇ ಉಳಿದಾದ. ನೀ ಬಂದು ಪ್ರಾರ್ಥನಿ ಮಾಡಬೇಕಂತ ಹಟ ಹಿಡದಾಳ. ಚೆಂದಾಗಿ ಮಾಡು ಮತ್ತ. ಹಿಂದ ಒಂದ್ ಹುಡಗಿ ನಡುವ ತೊದಲಿದ್ಲಂತ ಆಕಿನ್ನ ಬ್ಯಾಡ ಅಂದು ಎದ್ದು ಬಂದಾಕಿ ಇಕಿ."

ಬಸ್ಸು ಭೀಮೆಯ ಸೇತುವೆ ದಾಟುತ್ತಿತ್ತು.

ಶಹಾಪುರದ ಬಸ್‌ ಸ್ಟ್ಯಾಂಡಿನಲ್ಲಿ ಬಾಲರಾಜ ಕಾಯುತ್ತಿದ್ದ. ತಿಳಿನೀಲಿ ಅಂಗಿ, ತೋಳಿನ ಮೇಲೆ ಸೀಮೆಸುಣ್ಣದ ಪುಡಿ. ಶಾಲೆಯಿಂದ ನೇರ ಬಂದಿದ್ದ. ಅವಳನ್ನು ಕಂಡೊಡನೆ ಪುಡಿ ಕೊಡವಿಕೊಂಡ; ಅದು ಹೋಗಿ ಮೀಸೆಗೆ ಹತ್ತಿತು. ಸುವಾರ್ತಾ ನಗು ತಡೆದು ದುಪಟ್ಟಾದ ತುದಿ ನೋಡತೊಡಗಿದಳು.

"ನಗೂದಿದ್ರ ನಕ್ಕುಬಿಡ್ರಿ. ಅರ್ಧಾ ನಗಬಾರದು."

"ಮೀಸ್ಯಾಗ ಸುಣ್ಣ ಅದರಿ."

"ಇಷ್ಟ್ ಲಗೂನ ಮುದುಕ ಆದ್ನೇನ್ ಹಂಗಾದ್ರ?"

ಪಾರ್ವತೆಮ್ಮ ಬಾಳೆಹಣ್ಣಿನ ಗಾಡಿಯ ಹತ್ತಿರ ಚೌಕಾಸಿಗೆ ನಿಂತರು. ಬೇಕಂತಲೇ ನಿಂತರೋ ಏನೋ, ಗೊನೆ ಬದಲಿಸಿ ಬದಲಿಸಿ ನೋಡುತ್ತಲೇ ಇದ್ದರು. ಇವರಿಬ್ಬರೂ ಆಸ್ಪತ್ರೆಯ ರಸ್ತೆಯಲ್ಲಿ ಮುಂದೆ ನಡೆದರು. ದೂರದ ಗುಡ್ಡ ಮಲಗಿದ ಬುದ್ಧನ ಹಾಗೆ ಸಂಜೆ ಬಿಸಿಲಲ್ಲಿ ಚಾಚಿಕೊಂಡಿತ್ತು. ಆ ಪ್ರಾರ್ಥನೆ ತನ್ನದಲ್ಲ ಎಂದು ಈಗಲೇ ಹೇಳಿಬಿಡಬೇಕು ಅಂದುಕೊಂಡಳು. ಅವನ ನೆರಳು ಅವಳ ನೆರಳಿಗೆ ತಾಗಿ ನಡೆಯುವುದನ್ನು ನೋಡಿದಳು. ಹೇಳಿದರೆ ಇದು ಹೋಗುತ್ತದೆ.

"ನೀವು ಫೋನಿನ್ಯಾಗೂ ಹೂಂ, ಊಹೂಂ. ಎದುರಿಗಿದ್ರೂ ಹೂಂ, ಊಹೂಂ," ಎಂದ ಬಾಲರಾಜ. "ಲಗ್ನ ಆದ್ಮ್ಯಾಗ ಜಗಳಾಡಾಕರೆ ಬಾಯಿ ಬಿಡ್ತೀರೋ ಇಲ್ಲೋ?"

"ಸಿಟ್ಟು ಬಂದ್ರ ನಾ ಮಾತು ಬಿಡ್ತೀನ್ರಿ."

"ಎಷ್ಟ್ ದಿನ?"

ಅವನು ನಡಿಗೆ ನಿಧಾನ ಮಾಡಿ, ಓರೆಗಣ್ಣಿನಿಂದ ಅವಳ ಮುಖ ನೋಡಿದ. ಮಾತಿನಲ್ಲಿದ್ದ ತಮಾಷೆ ಇಳಿದಿತ್ತು.

"ಅದೊಂದ್ ಬ್ಯಾಡ್ರಿ. ಬೈರಿ ಬೇಕಾದ್ರ, ತಾಟು ಒಗೀರಿ. ನಮ್ಮಪ್ಪ ಹಂಗೇ ಮಾತು ಬಿಡ್ತಿದ್ದ. ನಮ್ಮವ್ವ ಕಟ್ಟಿ ಮ್ಯಾಲ ಕುಂತು, ಏನರೆ ಅನ್ನಲಿ, ಬೈಯಲಿ ಅಂತ ದಾರಿ ಕಾಯ್ತಿದ್ಲು. ಕಾಯೋರಿಗಿ ಭಾಳ ಕಷ್ಟರಿ."

ಸುವಾರ್ತಾ ಅಲ್ಲೇ ನಿಂತಳು. ಕಾಯುವವರು. ಇಷ್ಟು ದಿನ ಪ್ರಾರ್ಥನೆಯ ಆ ಕಡೆ ಯಾರೂ ಇಲ್ಲ ಅಂದುಕೊಂಡಿದ್ದಳು. ಮಾತು ಬಿಟ್ಟವಳು ತಾನೇ ಎಂದು ಒಮ್ಮೆಯೂ ಹೊಳೆದಿರಲಿಲ್ಲ.

"ಏನಾತ್ರೀ?"

"ಏನಿಲ್ಲ, ನಡೀರಿ," ಎಂದಳು.

ಆಸ್ಪತ್ರೆಯ ವಾರ್ಡಿನಲ್ಲಿ ಮಾರ್ಥಮ್ಮ ಮಂಚದ ಅಂಚಿಗೆ ಕೂತಿದ್ದರು. ಅವತ್ತು ಯಾದಗಿರಿಯಲ್ಲಿ ನೇರ ಬೆನ್ನಿನ ಬಿಗುವಾದ ಹೆಂಗಸಾಗಿ ಕಂಡವರು ಇಂದು ಹಸಿರು ಗೌನಿನಲ್ಲಿ ಸಣ್ಣ ಮಗುವಿನಂತೆ ಕಂಡರು. ಪಾರ್ವತೆಮ್ಮ ಬಾಳೆಹಣ್ಣು ಇಟ್ಟು "ವಂದನಿರಿ ಬೀಗ್ತಿ" ಅಂದದ್ದೂ ಅವರಿಗೆ ಕೇಳಿಸಿದಂತಿರಲಿಲ್ಲ. ಗಾಳಿಯಲ್ಲಿ ಕೈ ತಡಕಾಡಿ ಸುವಾರ್ತಾಳ ಕೈ ಹಿಡಿದರು.

"ಬಂದಿ ಏನವ್ವ? ಅವತ್ತಿನ ಪ್ರಾರ್ಥನಿ ಮಾಡು. ಹಂಗೇ ಮಾಡು."

ಎಲ್ಲರೂ ತಲೆ ತಗ್ಗಿಸಿದರು. ಪಕ್ಕದ ಮಂಚದ ಸರ್ವರಬೇಗಂ ಎಂಬಾಕೆಯೂ ತಲೆಗೆ ಸೆರಗೆಳೆದುಕೊಂಡು ಸುಮ್ಮನಾದರು.

"ಕೃಪೆಯುಳ್ಳ ತಂದೆಯೇ, ಈ ದಿನವೆಲ್ಲಾ ನಮ್ಮನ್ನು ನಿನ್ನ ರೆಕ್ಕೆಯ ಮರೆಯಲ್ಲಿ..."

ಮಾತು ಸರಾಗ ಬರುತ್ತಿತ್ತು, ನಲ್ಲಿಯ ನೀರಿನಂತೆ. ಆದರೆ ಅವಳನ್ನು ಹಿಡಿದಿದ್ದ ಮಾರ್ಥಮ್ಮನ ಕೈ ಗಡಗಡ ನಡುಗುತ್ತಿತ್ತು. ಇಷ್ಟು ಹೆದರಿದ ಕೈಗೆ ಸಾಲ ತಂದ ಮಾತು ಕೊಡುವುದು ಹೇಗೆ? ಸುವಾರ್ತಾ ಪ್ರಾರ್ಥನೆಯನ್ನು ಅಲ್ಲಿಗೇ ನಿಲ್ಲಿಸಿಬಿಟ್ಟಳು.

ಪಾರ್ವತೆಮ್ಮ ಮೆಲ್ಲಗೆ ಕೆಮ್ಮಿದರು. ಮುಂದಿನ ಸಾಲು ಅವರಿಗೂ ಬಾಯಿಪಾಠವೇ, ಪಿಸುಮಾತಿನಲ್ಲಿ ಎತ್ತಿಕೊಟ್ಟರು. ಸುವಾರ್ತಾ ಅದನ್ನು ಹಿಡಿಯಲಿಲ್ಲ. ಮಾರ್ಥಮ್ಮನ ಹುಬ್ಬು ಗಂಟಿಕ್ಕಿತು.

ಕಣ್ಣು ತೆರೆದಳು. ಬಾಲರಾಜನೂ ಕಣ್ಣು ತೆರೆದೇ ಇದ್ದ. ಅವಳನ್ನೇ ನೋಡುತ್ತಿದ್ದ. ಅವಸರವಿರಲಿಲ್ಲ ಆ ನೋಟದಲ್ಲಿ, ಮುಜುಗರವಿರಲಿಲ್ಲ. ಬೆಳಗಾಗುವವರೆಗೂ ಹೀಗೇ ನಿಲ್ಲುತ್ತೇನೆ ಅನ್ನುವವನ ಹಾಗೆ ಗೋಡೆಗೆ ಒರಗಿ, ತುಸುವೇ ತಲೆಯಾಡಿಸಿದ.

ಸುವಾರ್ತಾ ಮಾರ್ಥಮ್ಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ನೆಲದ ಮೇಲೆ ಮೊಣಕಾಲೂರಿದಳು. ಈ ಸಲ ಬಂದದ್ದು ಅವ್ವನ ಧ್ವನಿಯಲ್ಲ. ಒಡೆದ, ಸಣ್ಣ, ಅವಳದೇ ಧ್ವನಿ.

"ದೇವರೇ, ನಮ್ಮವ್ವನ್ನ ಒಯ್ದಿ ಅಂತ ನಿನ್ನ ಮ್ಯಾಲ ಸಿಟ್ಟಾಗಿ ಮಾತು ಬಿಟ್ಟೀನಿ. ಇನ್ನೂ ಸಿಟ್ಟದ. ನೀ ಎಲ್ಲಿದ್ದೀಯೋ ಕಾಣವಲ್ದು. ಆದ್ರ ಈ ಅವ್ವಗ ಭಾಳ ಅಂಜಿಕಿ ಆಗ್ಯಾದ, ನನಗೂ ಆಗ್ಯಾದ. ಬಾ, ನಮ್ಮ ಹತ್ತಿರ ಕುಂಡ್ರು."