ರೇಷ್ಮಾಳ ಶಾಕಪ್ಪಿನ ಗಾಳಿ ಕದ್ದವರು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನಾಳೆಯಿಂದ ನನಗೆ ಚಹಾ ಸಿಗದಿರಲಿ. ಜಮಖಂಡಿ ಬಸ್ ಸ್ಟ್ಯಾಂಡಿನ ಎದುರು ಗೆಳೆಯ ಮಲ್ಲಿನಾಥನನ್ನು ಕೂರಿಸಿಕೊಂಡು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಜನವರಿಯ ಆ ಬೆಳಗು ಎಂಥ ಚಳಿ ಎಂದರೆ, ನಮ್ಮ ಓಣಿಯ ನಾಯಿ ಬೊಗಳಲು ಬಾಯಿ ತೆರೆದು, ಸ್ವಲ್ಪ ವಿಚಾರ ಮಾಡಿ, ಮುಚ್ಚಿಕೊಂಡಿತು. ಊರ ಹೊರಗಿನ ಗುಡ್ಡದಲ್ಲಿ ಹುಡುಗಿಯರ ಸೈಕಲ್ ಆಯ್ಕೆ. ರಾಜ್ಯದ ಪಂದ್ಯಕ್ಕೆ ಒಬ್ಬಳಿಗೆ ಮಾತ್ರ ಜಾಗ.

ಬಿಸಿಲೇರಿದ ಮೇಲೆ ಪಂದ್ಯ ಶುರುವಾಯಿತು. ಮೊದಲ ಇಳಿಜಾರಿನಲ್ಲೇ ರೇಷ್ಮಾ ಬಿದ್ದಳು. ಮೊಣಕಾಲು ತರಚಿತ್ತು, ಅಷ್ಟೇ. ಆದರೆ ಸೈಕಲ್ಲಿನ ಮುಂದಿನ ಶಾಕಪ್ — ಒಳಗೆ ಗಾಳಿ, ಎಣ್ಣೆ ತುಂಬಿದ ಆ ಎರಡು ಕಾಲು — ಕುಸಿದು ಕುಳಿತಿತ್ತು.

ಅವಳ ಅಪ್ಪ ಹೊಳೆಪ್ಪ ಓಡಿ ಬಂದ.

"ಗಾಳಿ ತಗದಾರ. ಯಾರ ತಗದಾರ ಅನ್ನೂದೂ ನನಗ ಗೊತ್ತೈತಿ."

ಬೆರಳು ಕೇತಕಿಯತ್ತ ತಿರುಗಿತು. ರೇಷ್ಮಾಗೆ ಸರಿಸಾಟಿಯಾಗಿ ಓಡಿಸುವವಳು ಅವಳೊಬ್ಬಳೇ. ಶಾಕಪ್ಪಿಗೆ ಗಾಳಿ ತುಂಬುವ ಪಂಪೂ ಅವಳದೇ. ಹಿಂದಿನ ದಿನ ಎರಡೂ ಸೈಕಲ್ಲಿಗೆ ಗಾಳಿ ಹಾಕಿದವಳೂ ಅವಳೇ.

"ನಾ ಗಾಳಿ ಹಾಕೀನ್ರಿ, ತಗದಿಲ್ಲ," ಎಂದಳು ಕೇತಕಿ.

ಆಯ್ಕೆಯ ಮುಖ್ಯಸ್ಥ ಅಂದಾನೆಪ್ಪ ಅವಳ ಬೆನ್ನಿನ ನಂಬರ್ ಬಟ್ಟೆ ಬಿಚ್ಚಿಸಿಕೊಂಡ. "ಖರೆ ಅಂತ ಆತಂದ್ರ ನಿನ್ನ ಹೆಸರ ಹೊಡದಹಾಕತೇನಿ ನೋಡವಾ."

ಯಾರೂ ಅವಳ ಹತ್ತಿರ ನಿಲ್ಲಲಿಲ್ಲ. ನಾನೂ ನಿಲ್ಲಲಿಲ್ಲ.

ಆಗ ವಾಕಿಂಗ್ ಮುಗಿಸಿ ಬಂದವರು ಅಲಕಾಬಾಯಿ, ಕೋರ್ಟಿನ ನಿವೃತ್ತ ಶಿರಸ್ತೇದಾರರು. ಮಂಕಿ ಕ್ಯಾಪಿನೊಳಗಿಂದ ಅವರು ನೋಡಿದರೆ ನಿರಪರಾಧಿಯೂ ತಪ್ಪೊಪ್ಪಿಕೊಳ್ಳುತ್ತಾನೆ.

ರೇಷ್ಮಾಳ ಸೈಕಲ್ಲಿನ ಹ್ಯಾಂಡಲ್ ಒತ್ತಿದರು. ಇಳಿಯಿತು. ಭಾಂಡೆ ತಿಕ್ಕಲು ಕರೆದಾಗ ಏಳುವವರಂತೆ ನಿಧಾನವಾಗಿ ಮೇಲೆ ಬಂತು. ಕೇತಕಿಯದನ್ನು ಒತ್ತಿದರು. ಟಣಕ್ಕನೆ ಜಿಗಿಯಿತು.

"ಗಾಳಿ ಯಾವಾಗ ಹಾಕಿದಿ?"

"ನಿನ್ನೆ ಮಧ್ಯಾಹ್ನರಿ. ಸುಡು ಬಿಸಲಾಗ."

"ರಾತ್ರಿ ಸೈಕಲ್ ಎಲ್ಲಿತ್ತು?"

"ನಮ್ಮ ಅಂಗಳದಾಗ."

"ಹೊಳೆಪ್ಪ, ನಿಮ್ಮದು?"

"ನಮ್ದೂ ಅಂಗಳದಾಗರೀ. ಚಳಿ ನೆವಾ ಹೇಳಬ್ಯಾಡ್ರಿ ಬಾಯಾರ. ಚಳಿ ಇಬ್ಬರ ಅಂಗಳಕ್ಕೂ ಒಂದ ಬಿದ್ದೈತಿ. ಆಕೀದು ಜಿಗಿತೈತಿ, ನಮ್ದು ಯಾಕ ಜಿಗಿವಲ್ದು?"

ಮಾತು ಸರಿಯಾಗಿಯೇ ಇತ್ತು. ಜನ ತಲೆಯಾಡಿಸಿದರು.

ಅಲಕಾಬಾಯಿ ಎರಡೂ ಶಾಕಪ್ ಮುಟ್ಟಿ ನೋಡಿದರು. ಆಮೇಲೆ ರೇಷ್ಮಾಳದರ ಜಿಡ್ಡಿಗೆ ಅಂಟಿದ್ದ ಕರಿ ಕೂದಲೊಂದನ್ನು ಕಿತ್ತು ಬಿಸಿಲಿಗೆ ಹಿಡಿದರು.

"ಇದು ಯಾರ ಕೂದಲು?"

ಹೊಳೆಪ್ಪ ಬಗ್ಗಿ ನೋಡಿದ. "ನಮ್ಮ ಕುರೀದು. ಕಂಬಳಿದಿರಬೇಕು."

"ಸೈಕಲ್ಲಿಗೆ ಕಂಬಳಿ ಹೊಚ್ಚಿದ್ರೇನು?"

"ಹೊಚ್ಚಲಾರದ ಬಿಡ್ತಾರೇನ್ರಿ? ಮರಿ ಹಾಕಿದ ಕುರೀಗೆ ಹೊಚ್ಚತೇವಿ, ಮಗಳ ಸೈಕಲ್ಲಿಗೆ ಹೊಚ್ಚಬಾರದ?"

"ರಾತ್ರಿ ಹೊಚ್ಚಿದ್ರಾ?"

ಹೊಳೆಪ್ಪ ಕೆಮ್ಮಿದ. "ರಾತ್ರಿ ನಾನ ಹೊಚಗೊಂಡಿದ್ನಿರಿ. ನಸುಕಿನ್ಯಾಗ ಎದ್ದು ಮುಟ್ಟತೇನಿ — ಸೈಕಲ್ ಹೆಪ್ಪಗಟ್ಟಿದಂಗ ಐತಿ. ಪಾಪ ಅನಸ್ತು. ಬಿಗಿಯಾಗಿ ಸುತ್ತಿ ಟಂಟಂ ಗಾಡ್ಯಾಗ ತಂದ್ನಿ."

"ಬಿಚ್ಚಿದ್ದು ಯಾವಾಗ?"

"ಸೀಟಿ ಊದೂಮುಂದ."

"ಕುರಿ ಹಿಂದ ಹೋದಾಗ ನೀರಿನ ಕೊಡಕ್ಕ ಕಂಬಳಿ ಯಾಕ ಸುತ್ತತೀರಿ?"

"ತಣ್ಣಗ ಇರಲಿ ಅಂತ—"

ಹೊಳೆಪ್ಪ ತಿರುಗಿ ಗಾಡಿಯಲ್ಲಿದ್ದ ಕಂಬಳಿ ನೋಡಿದ.

"ಕಂಬಳಿಗೆ ತನ್ನದ ಅಂತ ಬಿಸಿ ಇರೂದಿಲ್ಲ," ಎಂದರು ಅಲಕಾಬಾಯಿ. "ಒಳಗ ಏನದ ಅದನ್ನ ಕಾಯ್ತದ. ಬಿಸಿ ಇದ್ರ ಬಿಸಿ, ಥಂಡಿ ಇದ್ರ ಥಂಡಿ. ಥಂಡಿಗೆ ಗಾಳಿ ಕುಗ್ಗತದ. ಎಣ್ಣಿ ಕೊಬ್ಬರಿ ಎಣ್ಣಿಹಂಗ ಬಿರಸಾಗ್ತದ. ಕೇತಕಿ ಸೈಕಲ್ ಮುಂಜಾನೆಯಿಂದ ಬಿಸಿಲು ಕಾಯಿಸಿಕೋತ ನಿಂತದ. ನಿಮ್ಮದಕ್ಕ ಇನ್ನೂ ರಾತ್ರಿನ ಮುಗದಿಲ್ಲ."

"ಮಾತಿಗೇನ್ರಿ, ಯಾರರ ಹೇಳ್ತಾರು," ಎಂದ ಅಂದಾನೆಪ್ಪ.

ಅಲಕಾಬಾಯಿ ಪಂಪಿನ ಕೊಳವೆಯನ್ನು ಶಾಕಪ್ಪಿಗೆ ಸಿಕ್ಕಿಸಿ, ಸೈಕಲ್ಲನ್ನು ಬಿಸಿಲಿಗೆ ನಿಲ್ಲಿಸಿದರು. ಪಂಪನ್ನು ಯಾರೂ ಒತ್ತಕೂಡದು. ಒಳಗೆ ಗಾಳಿ ಎಷ್ಟಿದೆ ಎಂದು ತೋರಿಸುವ ಪಂಪಿನ ಮುಳ್ಳಿನ ಮೇಲೆ ಅಂದಾನೆಪ್ಪನದೇ ಕಾವಲು. ಎಲ್ಲರೂ ಚಹಾ ಕುಡಿದು ಬಂದೆವು. ಅಂದಾನೆಪ್ಪ ಮುಳ್ಳಿಗೆ ಮೂಗು ತಾಗಿಸಿ ನಿಂತಿದ್ದ.

"ತಾನ ಏರೇತಿ," ಎಂದ, ದೆವ್ವ ಕಂಡವನಂತೆ.

"ಕದ್ದ ಗಾಳೀನ ಬಿಸಿಲು ತಂದು ತುಂಬೂದಿಲ್ಲ, ಅಂದಾನೆಪ್ಪ. ಗಾಳಿ ಒಳಗ ಇತ್ತು. ಚಳೀನ ಕಂಬಳ್ಯಾಗ ಕಟ್ಟಿ ಇಲ್ಲಿತನಕ ಹೊತ್ತುಕೊಂಡು ಬಂದವರು ಹೊಳೆಪ್ಪ."

ಹೊಳೆಪ್ಪ ಅಂದಾನೆಪ್ಪನ ಕೈಯಿಂದ ನಂಬರ್ ಬಟ್ಟೆ ಇಸಿದುಕೊಂಡು ಕೇತಕಿಯ ಬಳಿ ಹೋದ.

"ತಿರುಗವಾ. ಕಟ್ಟತೇನಿ."

ಕೇತಕಿ ತಿರುಗಲಿಲ್ಲ. "ಮೊದಲ ಎಲ್ಲಾರ ಮುಂದ ಅನ್ರಿ ಕಾಕಾ. ಎಲ್ಲಾರ ಮುಂದ ಬೆರಳ ಮಾಡಿದ್ರಲ್ಲ."

"ತಪ್ಪಾತವಾ," ಎಂದ ಹೊಳೆಪ್ಪ. ಗುಡ್ಡಕ್ಕೆಲ್ಲ ಕೇಳಿಸಿತು.

ಆಗ ತಿರುಗಿದಳು. ಗಂಟು ಮೂರು ಸಲ ತಪ್ಪಿತು. ಕೊನೆಗೆ ರೇಷ್ಮಾಳೇ ಬಂದು ಕಟ್ಟಿದಳು.

ಪಂದ್ಯ ಮತ್ತೆ ಶುರುವಾಯಿತು. ಕೇತಕಿ ಮೊದಲು ಇಳಿದಳು, ಗಾಳಿಯಂತೆ. ಆಮೇಲೆ ರೇಷ್ಮಾ. ಈಗ ಅವಳ ಶಾಕಪ್ ಬಿಸಿಲು ಕುಡಿದು ಉಬ್ಬಿತ್ತು. ದಿಬ್ಬದ ಮೇಲಿಂದ ಜಿಗಿದದ್ದು ಜಿಗಿದದ್ದೇ, ಮಲ್ಲಿನಾಥ — ಕೆಳಗೆ ಕೇತಕಿ ಚಹಾ ಕುಡಿದು, ಕಪ್ಪು ತೊಳೆದಿಟ್ಟು, ಮೇಲೆ ನೋಡುತ್ತಾಳೆ, ಸಾವಳಗಿ ಕಡೆಗೆ ಹೊರಟ ಒಂದು ಕೊಕ್ಕರೆ ರೇಷ್ಮಾಗೆ ದಾರಿ ಬಿಟ್ಟು ಪಕ್ಕಕ್ಕೆ—

"ಲೇ ಮಲ್ಲ್ಯಾ, ಎಲ್ಲಿ ಹೊಂಟಿ? ಕುಂದರ ಬಾರಲೇ, ಆಕಿ ಇನ್ನ ಕೆಳಗ ಇಳದಿಲ್ಲ..."