ಕಿಟಕಿಯ ಬಳಿ ನಿಂತವರು

“ಏನ್ರೀ ಇದು? ಗೋಡೆಗುಂಟ ನೆಟ್ಟಗೆ ಹೋಗಬೇಕಾದ ಪೈಪು ಮೂರನೇ ಮಹಡೀಲಿ ಹಾವು ಕಪ್ಪೆ ನುಂಗಿದ ಹಾಗೆ ಉಬ್ಬಿ, ಬಳಸಿಕೊಂಡು ಹೋಗಿದೆಯಲ್ಲ!”

ಫೋನಿನಲ್ಲಿ ಆರ್ಕಿಟೆಕ್ಟ್ ಮೇಡಂ. ಏಳು ತಿಂಗಳಿಂದ ಅವಳು ಹೊಸ ಗ್ರಂಥಾಲಯದ ಕಂಪ್ಯೂಟರ್ ಮಾಡೆಲನ್ನು ಪ್ರತಿ ಬುಧವಾರ ಕಳಿಸುತ್ತಿದ್ದಳು. ಮೆಕ್ಯಾನಿಕಲ್ ಇಂಜಿನಿಯರ್ ಅದರೊಳಗೆ ತಣ್ಣೀರಿನ ಪೈಪು ಕೂರಿಸಿ ಹಿಂದಿರುಗಿಸುತ್ತಿದ್ದ. ಬುಧವಾರ ಫೈಲು ಬರುತ್ತದೆಂದು ಅವನು ಮಂಗಳವಾರವೇ ಗಡ್ಡ ಬೋಳಿಸಿಕೊಳ್ಳುತ್ತಿದ್ದ, ಫೈಲಿಗೆ ಕಣ್ಣಿದೆಯೇನೋ ಎಂಬಂತೆ.

“ಅಲ್ಲಿ ಯಾರೋ ನಿಂತಿದ್ದಾರೆ ಮೇಡಂ. ನೆಟ್ಟಗೆ ಬಿಟ್ರೆ ಅವರ ಪಾದದ ಮೇಲೇ ಹೋಗುತ್ತೆ.”



ಅವಳ ಸಾಫ್ಟ್‌ವೇರಿನಲ್ಲಿ ಕಿಟಕಿಗೂ ಮನುಷ್ಯನಿಗೂ ಅವರವರ ಹೆಸರಿತ್ತು, ಬಣ್ಣವಿತ್ತು. ಅವನದಕ್ಕೆ ದಾಟುವಾಗ ಎಲ್ಲ ಕಳಚಿ ಬರೀ ಬೂದು ಆಕಾರಗಳು ಉಳಿಯುತ್ತಿದ್ದವು. ಆದರೂ ಅವನಿಗೆ ಗುರುತು ಹತ್ತಿತ್ತು: ತುಸು ಬಾಗಿದ ಎಡಭುಜ, ಕಿಟಕಿಗೆ ಊರಿದ ಕೈ. ಕಟ್ಟಡದ ಅಳತೆ ತೋರಿಸಲೆಂದು ಮಾಡೆಲಿನಲ್ಲಿ ಇಡುವ ಗೊಂಬೆಗೆ ಯಾರೂ ಅಷ್ಟು ಅಕ್ಕರೆಯಿಂದ ಭುಜ ಬಾಗಿಸುವುದಿಲ್ಲ.

“ನಮ್ಮ ಯಜಮಾನ್ರು,” ಅವಳೆಂದಳು. “ತೀರಿಕೊಂಡು ನಾಲ್ಕು ವರ್ಷ. ನಾನು ಮಾಡೋ ಪ್ರತಿ ಕಟ್ಟಡದಲ್ಲೂ ಒಂದು ಕಿಟಕಿ ಅವರಿಗೆ. ಕಳಿಸೋ ಮುಂಚೆ ಮರೆ ಮಾಡ್ತೀನಲ್ಲ, ನಿಮಗೆ ಹೇಗೆ ಕಂಡ್ರು?”

“ಮರೆ ಮಾಡಿದ್ದೂ ದಾಟಿ ಬಂದುಬಿಡುತ್ತೆ ಮೇಡಂ. ಏಳು ತಿಂಗಳಿಂದ ಬರ್ತಿದ್ದಾರೆ.”

“ಒಂದು ಮಾತು ಹೇಳಬಾರದಿತ್ತಾ?”

“ಏನಂತ ಹೇಳ್ಲಿ? ಯಾರೂಂತ ಗೊತ್ತಿಲ್ದೇನೇ ಹೊಟ್ಟೆ ಉರೀತಿತ್ತು.”

ಆಡಿದ ಮೇಲೆ ನಾಲಗೆ ಕಚ್ಚಿಕೊಂಡ. ಫೋನು ಕಟ್ಟಾಯಿತು.

ಮುಂದಿನ ಬುಧವಾರ ಫೈಲು ಬಂತು, ಜೊತೆಗೆ ಒಂದೇ ಸಾಲು: ‘ಪೈಪು ನೆಟ್ಟಗೆ ಮಾಡಿ.’

ತೆರೆದು ನೋಡಿದ. ಕಿಟಕಿಯ ಬಳಿ ಯಾರೂ ಇರಲಿಲ್ಲ. ಸಂತೋಷವಾಗಬೇಕಿತ್ತು, ಬದಲಿಗೆ, ತನ್ನ ಬಾಯಿಂದಲೇ ಒಬ್ಬರನ್ನು ಮನೆಯಿಂದ ಎಬ್ಬಿಸಿ ಕಳಿಸಿದಂತಾಯಿತು. ಪೈಪನ್ನು ನೇರಕ್ಕೆ ಎಳೆಯಹೋದ. ಕೈ ಬರಲಿಲ್ಲ. ಬಾಗು ಹಾಗೇ ಇಟ್ಟು ಹಿಂದಕ್ಕೆ ಕಳಿಸಿದ.

ಸಂಜೆಗೆ ಮುಂಚೆ ಅವಳ ಫೋನು. “ನಿಂತವರೇ ಇಲ್ಲ. ಇನ್ನೂ ಯಾಕೆ ಬಳಸಿಕೊಂಡು ಹೋಗಿದ್ದೀರಿ?”

“ನಿಂತಿದ್ದ ಜಾಗ ಇದೆಯಲ್ಲ ಮೇಡಂ. ನೀರಿಗೆ ನಾಲ್ಕು ಹೆಜ್ಜೆ ಹೆಚ್ಚಾದ್ರೆ ಏನಂತೆ?”

   

“ಸೈಟಲ್ಲಿ ಆ ಗೋಡೆ ಎದ್ದಿದೆಯಂತೆ,” ಅವಳ ದನಿ ಒದ್ದೆಯಾಗಿತ್ತು. “ಕಿಟಕಿ ಇನ್ನೂ ಬರೀ ಕಂಡಿ. ನಾಳೆ ನೋಡೋಕೆ ಹೋಗಬೇಕು. ಒಬ್ಬಳೇ ಹೋಗೋಕೆ ಆಗ್ತಿಲ್ಲ.”

“ಎಷ್ಟು ಹೊತ್ತಿಗೆ ಬರ್ಲಿ?”

“ಹತ್ತಕ್ಕೆ.” ಫೋನಿಡುವ ಮುಂಚೆ ಹೇಳಿದಳು: “ಅವರ ಪಾದ ತುಳೀದ ಹಾಗೆ, ಪಕ್ಕದಲ್ಲಿ ನಿಲ್ಲಿ. ಅಷ್ಟೇ.”