ಎಡದಿಂದ ಮೂರನೇ ಗಾಜು

“ಗಾಜು ಘನ, ಸರ್,” ಅಂದಳು ಚೋಟು.

“ತಪ್ಪು. ಗಾಜು ದ್ರವ. ಬಹಳ ನಿಧಾನವಾಗಿ ಹರಿಯುತ್ತೆ,” ಅಂದರು ವಿಜ್ಞಾನದ ಮೇಷ್ಟ್ರು. “ನಮ್ಮ ಲೈಬ್ರರಿ ಕಿಟಕಿಯಿಂದ ತೆಗೆದ ಹಳೇ ಗಾಜು ನೋಡಿದ್ದೀಯ? ಕೆಳಗೆ ದಪ್ಪ, ಮೇಲೆ ತೆಳು. ಇಷ್ಟು ವರ್ಷದಲ್ಲಿ ಇಳಿದುಬಿಟ್ಟಿದೆ.”

ಆಯ್ಕೆ ಪರೀಕ್ಷೆಯಲ್ಲಿ ಚೋಟುಗೆ ಒಂದೇ ಒಂದು ಮಾರ್ಕು ಹೋಯಿತು. ಶಾಲೆಯ ಕ್ವಿಜ್ ಟೀಮಿನ ಕೊನೆಯ ಸೀಟು ರೇಡಿಯೊನ ಪಾಲಾಯಿತು. ಅವನಿಗೆ ಆ ಹೆಸರು ಬಂದಿದ್ದೇ ಬಾಯಿ ಮುಚ್ಚದ್ದಕ್ಕೆ.

“ಲೋಟ ಹುಷಾರಮ್ಮಾ, ಹರಿದುಹೋದೀತು,” ಅಂದ ಅವನು, ಥೇಟ್ ಮೇಷ್ಟ್ರ ಗಂಟಲಲ್ಲಿ.

ಕ್ಲಾಸೆಲ್ಲ ನಕ್ಕಿತು. ಚೋಟು ನಗಲಿಲ್ಲ. “ಸರ್, ನಮ್ಮ ತಾತ ಗಾಜಿನ ಕೆಲಸದವರು. ಹರಿಯೋ ಗಾಜು ನಮ್ಮ ಅಂಗಡೀಲಿ ಒಂದೂ ಇಲ್ಲ.”

“ಪುರಾವೆ ತಾ, ಮಾರ್ಕು ಕೊಡ್ತೀನಿ. ನಾಳೆ ಸಂಜೆ ಹೆಸರು ಕಳಿಸಬೇಕು.”

ತಾತನ ಅಂಗಡಿಯ ಬೋರ್ಡಿನ ಮೇಲೆ ‘ನಮ್ಮಲ್ಲಿ ಕೈ ತಪ್ಪುವುದಿಲ್ಲ’ ಎಂದು ಬರೆದಿತ್ತು. ಒಳಗೆ ತಾತ ಗಾಜಿನ ಮೇಲೆ ಕಟರ್ ಎಳೆಯುತ್ತಿದ್ದರು. ಕಿರ್ರ್. ಚೋಟು ಮೇಷ್ಟ್ರು ಹೇಳಿದ್ದನ್ನೆಲ್ಲ ಒಪ್ಪಿಸಿದಳು.

“ಆಗಿನ ಗಾಜು ಒಂದೇ ಸಮ ಎಲ್ಲಿರ್ತಿತ್ತು, ಮಗೂ? ಒಂದು ಕಡೆ ದಪ್ಪ, ಒಂದು ಕಡೆ ತೆಳು. ದಪ್ಪ ಅಂಚು ಕೆಳಗೆ ಬರೋ ಹಾಗೆ ಕೂರಿಸಬೇಕು. ನಮಗೆ ಕಲಿಸಿದ ಮೊದಲನೇ ಪಾಠವೇ ಅದು.”

“ಹಾಗಾದ್ರೆ ತಲೆಕೆಳಗಾಗಿ ಕೂರಿಸಿದ್ದು ಒಂದಾದ್ರೂ ಸಿಕ್ಕಿದ್ರೆ ಅದೇ ಪುರಾವೆ ಅಲ್ವಾ?”

ಕಟರ್ ನಿಂತಿತು. ತಾತ ಕೆಮ್ಮಿದರು. “ಅಂಥ ತಪ್ಪು ಯಾರು ಮಾಡ್ತಾರೆ?”

“ಯಾರಂತೆ? ಹೇಳ್ರೀ, ಮಗು ಕೇಳ್ತಿದೆ,” ಅಂದರು ಒಳಗಿನಿಂದ ಅಜ್ಜಿ.

ತಾತನ ದನಿ ಸಣ್ಣದಾಯಿತು. “ನಿಮ್ಮ ಲೈಬ್ರರಿ ಕಿಟಕಿ. ಎಡದಿಂದ ಮೂರನೇದು. ನನ್ನ ಕೆಲಸದ ಮೊದಲನೇ ದಿನ. ಗೊತ್ತಾಗೋ ಹೊತ್ತಿಗೆ ಅಂಚಿಗೆ ಮೆತ್ತಿದ ಪುಟ್ಟಿ ಗಟ್ಟಿಯಾಗಿತ್ತು. ಐವತ್ತೆಂಟು ವರ್ಷ ಆಯ್ತು. ನಿಮ್ಮಜ್ಜಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ.”

ಚೋಟು ಬಾಗಿಲಾಚೆ ಬೋರ್ಡಿನ ಕಡೆ ನೋಡಿದಳು. “ಬಿಡು ತಾತ. ಸೀಟು ಮುಂದಿನ ವರ್ಷ ಸಿಗುತ್ತೆ.”

ಮಾರನೆಯ ದಿನ ಬೆಲ್ ಹೊಡೆಯುವ ಮೊದಲೇ ತಾತ ಉಪಕರಣಗಳ ಚೀಲ ಹಿಡಿದು ಲೈಬ್ರರಿಯಲ್ಲಿದ್ದರು. ಮೇಷ್ಟ್ರೂ ಕ್ಲಾಸಿನವರೂ ಸುತ್ತ ನೆರೆದರು.

“ಅಜ್ಜ ಸ್ಟೂಲ್ ಹತ್ತಿದ್ದಾರೆ, ಪುಟ್ಟಿ ಕೆರೀತಿದ್ದಾರೆ,” ಎಂದು ರೇಡಿಯೊ ಮ್ಯಾಚಿನ ಕಾಮೆಂಟರಿ ಶುರುಮಾಡಿದ. ಮೂರನೇ ಗಾಜು ಹೊರಗೆ ಬಂತು. ಅದರ ಮೇಲಂಚಿಗೆ ತಾತ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಮೇಷ್ಟ್ರು ಅಳತೆಗೆ ಕ್ಯಾಲಿಪರ್ ಹಿಡಿದರು.

“ಕೆಳಗೆ ಮೂರು ಮಿಲಿಮೀಟರ್. ಮೇಲೆ…” ಅವರು ಕನ್ನಡಕ ಒರೆಸಿಕೊಂಡು ಮತ್ತೆ ಅಳೆದರು. “ಮೇಲೆ ನಾಲ್ಕೂವರೆ. ಇದು ಹೇಗೆ?”

“ತಲೆಕೆಳಗಾಗಿ ಕೂರಿಸಿದ್ದು ಸರ್,” ಅಂದರು ತಾತ, ಎಲ್ಲರಿಗೂ ಕೇಳುವಂತೆ. “ನಾನೇ ಕೂರಿಸಿದ್ದು.”

ಕಾಮೆಂಟರಿ ನಿಂತುಹೋಯಿತು.

“ಅಂದ್ರೆ ದಪ್ಪ ಇದ್ದಿದ್ದು ಅಲ್ಲೇ ಇದೆ. ಒಂದು ಚೂರೂ ಇಳಿದಿಲ್ಲ,” ಎಂದು ಮೇಷ್ಟ್ರು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಚೋಟು ಕಡೆ ತಿರುಗಿದರು. “ಘನ. ನಿನ್ನ ಮಾರ್ಕು ನಿನಗೆ. ನನ್ನ ಪಾಠ ನಾನು ತಿದ್ದಿಕೊಳ್ತೀನಿ.”

“ಚೋಟೂ, ಸೀಟೂ ನಿನ್ನದೇ,” ಎಂದು ಮೊದಲು ಕೂಗಿದವನು ರೇಡಿಯೊನೇ, ಈ ಸಲ ಅವನ ಸ್ವಂತ ಗಂಟಲಲ್ಲಿ. ಲೈಬ್ರರಿಯಲ್ಲಿ ಸದ್ದು ಮಾಡಬಾರದು ಅನ್ನುವುದು ಮೇಷ್ಟ್ರಿಗೂ ಮರೆತುಹೋಯಿತು. ಅವರೂ ಚಪ್ಪಾಳೆ ತಟ್ಟಿದರು.

ಎಲ್ಲರೂ ಹೋದ ಮೇಲೆ ತಾತ ಹೊಸ ಪುಟ್ಟಿ ನಾದಿಕೊಂಡರು. ಗಾಜನ್ನು ತಿರುಗಿಸಿ, ದಪ್ಪ ಅಂಚು ಕೆಳಗೆ ಮಾಡಿ ಎತ್ತಿದರು.

“ತಾತ, ಮೊದಲು ಹೇಗಿತ್ತೋ ಹಾಗೇ ಕೂರಿಸು. ಪುರಾವೆ ಅಲ್ಲೇ ಇರಲಿ.”

ತಾತ ಅವಳ ಮುಖವನ್ನೇ ನೋಡಿದರು. ನಂತರ ಸೀಮೆಸುಣ್ಣದ ಗುರುತನ್ನು ಮೇಲಕ್ಕೆ ತಿರುಗಿಸಿದರು. ಅವರು ಸ್ಟೂಲ್ ಹತ್ತುವಾಗ ಅದು ಅಲ್ಲಾಡದಂತೆ ಚೋಟು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.